ದೊಡ್ಡ ಜೋಲುಕಿವಿ ಮೊಲವನ್ನು ದತ್ತು ತರುವ ಮುಂಚೆ

ಇಂಗ್ಲೆಂಡಿನಲ್ಲಿ ಇರುವವರು ರೆಸ್ಕ್ಯೂ ಸೆಂಟರ್‌ನಿಂದ ಫ್ರೆಂಚ್ ಲಾಪ್ ಮೊಲ ತರೋಣ ಅಂತ ಯೋಚಿಸುತ್ತಿದ್ದರೆ, ಮೊದಲು ಅದರ ಗಾತ್ರ ಸರಿಯಾಗಿ ತಿಳಿದುಕೊಳ್ಳಿ. ನಾಲ್ಕೂವರೆ ಕಿಲೋಗಿಂತ ಜಾಸ್ತಿ ತೂಗುತ್ತದೆ, ಕೆಲವು ಆರು ಕಿಲೋ ದಾಟುತ್ತವೆ. ಮರಿ ಮುದ್ದಾಗಿದೆ ಅಂತ ಕೊಂಡವರು, ಅದು ಬೆಕ್ಕಿಗಿಂತ ದೊಡ್ಡದಾಗಿ ಸೋಫಾ ಕೆರೆಯೋಕೆ ಶುರು ಮಾಡಿದಾಗ ತಂದು ಬಿಟ್ಟುಬಿಡುತ್ತಾರೆ. ಅಂಥ ಮೊಲಕ್ಕೆ ಮನೆ ಕೊಡುವುದು ಒಳ್ಳೆಯ ಕೆಲಸ, ಖಂಡಿತ ಮಾಡಿ. ಆದರೆ ಫಾರ್ಮ್ ತುಂಬುವ ಮುಂಚೆ ಮನೆಯ ನೆಲ ನೋಡಿ.

ಅಂಗಡಿಯಲ್ಲಿ ಸಿಗುವ ಮರದ ಗೂಡು ಇದಕ್ಕೆ ಸಾಲುವುದೇ ಇಲ್ಲ. ಬ್ರಿಟನ್ನಿನ ರ‍್ಯಾಬಿಟ್ ವೆಲ್‌ಫೇರ್ ಅಸೋಸಿಯೇಷನ್ ಅಂಡ್ ಫಂಡ್ ಸಾಧಾರಣ ಗಾತ್ರದ ಒಂದು ಜೋಡಿಗೇ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಬೇಕು ಅನ್ನುತ್ತದೆ, ಅದೂ ಹಗಲು ರಾತ್ರಿ ಎರಡೂ ಹೊತ್ತು. ದೊಡ್ಡ ತಳಿಗೆ ಇನ್ನೂ ಜಾಸ್ತಿ ಬೇಕು. ಇನ್ನೊಂದು ವಿಷಯ: ಮೊಲದ ಪಾದಕ್ಕೆ ನಾಯಿ, ಬೆಕ್ಕಿಗಿರುವಂಥ ಮೆತ್ತೆ ಇರುವುದಿಲ್ಲ, ಬರೀ ಕೂದಲು. ಇಷ್ಟು ಭಾರ ಹೊತ್ತು ಲ್ಯಾಮಿನೇಟ್ ಮೇಲೋ ತಂತಿ ಬಲೆಯ ಮೇಲೋ ಕೂತರೆ ಹಿಮ್ಮಡಿಯ ಕೂದಲು ಉದುರಿ ಹುಣ್ಣಾಗುತ್ತದೆ. ರಬ್ಬರ್ ತಳದ ಮ್ಯಾಟ್ ಹಾಸಿ. ಊರಿಂದ ತಂದ ಜಮಖಾನೆ ಬೇಡ, ಕಡಿದು ನೂಲು ನುಂಗುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲೇ ತಗೊಳ್ಳಿ. ಸೆಂಟರ್‌ನವರು ಅದನ್ನು ಕೇಳಬಹುದು.

ಇನ್ನು ಕಿವಿ. ನನಗೆ ಜಾಸ್ತಿ ಕಳವಳ ಇರುವುದು ಇದರ ಬಗ್ಗೆಯೇ, ಯಾಕೆಂದರೆ ಚಂದ ಅಂತ ನಾವು ನೋಡುವ ಆ ಜೋಲು ಕಿವಿಯೇ ಮೊಲಕ್ಕೆ ಕಷ್ಟ ಕೊಡುತ್ತದೆ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ರೆಸ್ಕ್ಯೂ ಸೆಂಟರ್‌ನ 30 ಮೊಲಗಳನ್ನು ಪರೀಕ್ಷಿಸಿದ್ದರು. ನೆಟ್ಟಗಿನ ಕಿವಿಯವಕ್ಕಿಂತ ಜೋಲುಕಿವಿಯವುಗಳಲ್ಲಿ ಕಿವಿಯ ನಾಳ ಕಿರಿದಾಗಿರುವುದು, ಗುಗ್ಗೆ ಕಟ್ಟುವುದು, ಕಿವಿ ಮುಟ್ಟಿದರೆ ನೋಯುವುದು ಜಾಸ್ತಿ ಕಂಡಿತು. ಹಾಗಾಗಿ ನೋಡೋಕೆ ಹೋದಾಗ ನೆಲದ ಮೇಲೆ ಅದರ ಪಕ್ಕ ಕೂತುಕೊಳ್ಳಿ. ಅದು ನಿಮ್ಮ ಕೈ ಮೂಸಿ ಸುಮ್ಮನಾದ ಮೇಲೆ ಒಂದು ಕಿವಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮಗುಚಿ ಒಳಗೆ ನೋಡಿ. ತೆಳು ಗುಲಾಬಿ ಬಣ್ಣ, ಒಣಗಿದ ಚರ್ಮ ಇದ್ದರೆ ಒಳ್ಳೆಯದು. ಕೀವು, ಕೆಟ್ಟ ವಾಸನೆ, ಕಿವಿಯ ಬುಡದಲ್ಲಿ ಒಂದೇ ಕಡೆ ಊತ, ತಲೆ ಒಂದು ಪಕ್ಕಕ್ಕೆ ವಾಲುವುದು, ಇದ್ಯಾವುದಾದರೂ ಕಂಡರೆ ಕೇಳಿ: ವೆಟ್ ಏನಂದರು, ಯಾವ ಔಷಧಿ ನಡೀತಿದೆ, ಮುಂದಿನ ಖರ್ಚು ಯಾರದು? ಹಲ್ಲು ಕೊನೆಯ ಬಾರಿ ನೋಡಿದ್ದು ಯಾವಾಗ ಅನ್ನುವುದನ್ನೂ ಕೇಳಿ. ಒಳ್ಳೆಯ ಸೆಂಟರ್‌ನವರು ಇದಕ್ಕೆಲ್ಲ ಬೇಸರ ಮಾಡಿಕೊಳ್ಳುವುದಿಲ್ಲ.

ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಲಿ. ಕಿವಿ ಹಿಡಿದು ಎತ್ತುವುದು ಬೇಡವೇ ಬೇಡ. ಹಿಂಗಾಲು ಜೋತುಬಿದ್ದರೆ ಗಾಬರಿಯಿಂದ ಒದೆಯುತ್ತದೆ, ಆ ಒದೆತಕ್ಕೆ ಅದರದೇ ಬೆನ್ನುಮೂಳೆ ಮುರಿಯಬಹುದು. ಮಕ್ಕಳ ಕೈಗೆ ಎತ್ತಿಕೊಡಬೇಡಿ. ಮಕ್ಕಳೇ ನೆಲದ ಮೇಲೆ ಕೂರಲಿ.

ಊಟದ ವಿಷಯ ಸುಲಭ. ನೂರಕ್ಕೆ ಎಂಬತ್ತು ಭಾಗಕ್ಕಿಂತ ಜಾಸ್ತಿ ಒಣಹುಲ್ಲು, ಯಾವಾಗಲೂ ಮುಂದೆ ಇರಬೇಕು, ಯಾಕೆಂದರೆ ಹಲ್ಲು ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದೇ ಅದು ಸವೆಯಬೇಕು. ಕೊತ್ತಂಬರಿ, ಪುದೀನ ಚೆನ್ನಾಗಿ ತಿನ್ನುತ್ತದೆ. ಕ್ಯಾರೆಟ್ ಯಾವಾಗಲೋ ಒಂದು ಚೂರು ಸಾಕು, ಅದರಲ್ಲಿ ಸಕ್ಕರೆ ಜಾಸ್ತಿ. ಈರುಳ್ಳಿ, ಬೆಳ್ಳುಳ್ಳಿ ಹತ್ತಿರವೂ ಬರಬಾರದು. ಚಪಾತಿ ಚೂರು, ಅನ್ನ, ಹುರಿಗಡಲೆ ಪ್ರೀತಿಯಿಂದ ಕೊಡುವ ಅಜ್ಜಿ ತಾತ ಮನೆಗೆ ಬಂದಿದ್ದರೆ ಅವರಿಗೆ ಮೊದಲೇ ಹೇಳಿಡಿ.

ಮೊಲ ನೋವು ತೋರಿಸುವುದಿಲ್ಲ. ಅರ್ಧ ದಿನ ತಿನ್ನಲಿಲ್ಲ, ಹಿಕ್ಕೆ ಹಾಕಲಿಲ್ಲ ಅಂದರೆ ಹೊಟ್ಟೆಯ ಚಲನೆ ನಿಂತಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ವೆಟ್‌ಗೆ ಫೋನ್ ಮಾಡಿ. ಮಿಕ್ಸೊಮಟೋಸಿಸ್‌ಗೂ ಎರಡು ಬಗೆಯ ಆರ್‌ಎಚ್‌ಡಿಗೂ (ಇವು ಮೊಲಕ್ಕೆ ಪ್ರಾಣಾಪಾಯ ತರುವ ವೈರಸ್ ರೋಗಗಳು) ಪ್ರತಿ ವರ್ಷ ಲಸಿಕೆ ಹಾಕಿಸಬೇಕು. ಬೇಸಿಗೆಯಲ್ಲಿ ದಿನಾ ಎರಡು ಸಲ ಹಿಂಭಾಗ ನೋಡಿ. ಗಲೀಜು ಅಂಟಿದ್ದರೆ ನೊಣ ಮೊಟ್ಟೆಯಿಡುತ್ತದೆ, ಹುಳು ಜೀವಂತ ಮೊಲವನ್ನೇ ತಿನ್ನೋಕೆ ಶುರು ಮಾಡುತ್ತವೆ. ದಪ್ಪ ಮೊಲಕ್ಕೆ ಅಲ್ಲಿ ನೆಕ್ಕಿಕೊಳ್ಳೋಕೆ ಆಗುವುದಿಲ್ಲ, ಅದಕ್ಕೇ ತೂಕ ಹಿಡಿತದಲ್ಲಿಡಿ. ಬೆಕ್ಕು ನಾಯಿಗೆ ಚಿಗಟಕ್ಕೆ ಹಚ್ಚುವ ಫ್ರಂಟ್‌ಲೈನ್ ಮೊಲಕ್ಕೆ ಹಚ್ಚಲೇಬಾರದು, ಪ್ರಾಣ ಹೋಗಬಹುದು.

ಒಂಟಿಯಾಗಿ ತರಬೇಡಿ. ಮೊಲಕ್ಕೆ ಮೊಲದ ಜೊತೆ ಬೇಕು, ಮೊದಲೇ ಹೊಂದಿಕೊಂಡಿರುವ ಜೋಡಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಎರಡಕ್ಕೂ ಸಂತಾನಹರಣ ಆಗಿದೆಯಾ ಅಂತ ಖಚಿತ ಮಾಡಿಕೊಳ್ಳಿ.

ನಮ್ಮವರು ಮರೆಯುವ ಒಂದು ಪ್ರಶ್ನೆ: ಮೂರು ನಾಲ್ಕು ವಾರ ಬೆಂಗಳೂರಿಗೋ ಮೈಸೂರಿಗೋ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಪಕ್ಕದ ಮನೆಯವರು ಹುಲ್ಲು ಹಾಕಿದರೆ ಸಾಲದು, ಹಿಕ್ಕೆ ಕಡಿಮೆಯಾದದ್ದನ್ನು ಗುರುತಿಸುವವರು ಬೇಕು. ಕೆಲವು ಸೆಂಟರ್‌ಗಳಲ್ಲೇ ಬೋರ್ಡಿಂಗ್ ಇರುತ್ತದೆ, ಕ್ರಿಸ್‌ಮಸ್ ರಜೆಗೆ ಬೇಗ ತುಂಬಿಹೋಗುತ್ತದೆ, ಹಾಗಾಗಿ ವಿಮಾನದ ಟಿಕೆಟ್ ಜೊತೆಗೇ ಅದನ್ನೂ ಬುಕ್ ಮಾಡಿ. ದೀಪಾವಳಿಗೂ ನವೆಂಬರ್ 5ರ ಬಾನ್‌ಫೈರ್ ನೈಟ್‌ಗೂ ಪಟಾಕಿ ಸದ್ದಿರುತ್ತದೆ. ಆ ದಿನಗಳಲ್ಲಿ ಅವಿತುಕೊಳ್ಳೋಕೆ ಹುಲ್ಲು ತುಂಬಿದ ಡಬ್ಬ ಇಡಿ, ಪರದೆ ಎಳೆದಿರಿ.

ಇಷ್ಟಕ್ಕೂ ಸರಿ ಅನ್ನಿಸಿದರೆ ಕರೆತರುವ ದಿನ ಬೆಕ್ಕಿನ ಬುಟ್ಟಿ ಒಯ್ಯಬೇಡಿ, ನಾಯಿಯ ಕ್ಯಾರಿಯರ್ ತಗೊಂಡು ಹೋಗಿ, ಒಳಗೆ ಟವೆಲ್ ಹಾಸಿ. ಸೆಂಟರ್‌ನವರು ಕೊಡುತ್ತಿದ್ದ ಪೆಲೆಟ್‌ನ (ಗುಳಿಗೆಯಂಥ ಒಣ ಆಹಾರ) ಹೆಸರು ಬರೆದುಕೊಂಡು, ಮೊದಲ ಒಂದೆರಡು ವಾರ ಅದನ್ನೇ ಕೊಡಿ. ಮೊಲ ನೋಡಿ ಪಳಗಿದ ವೆಟ್ ಹತ್ತಿರ ಹೆಸರು ನೋಂದಾಯಿಸುವುದು ಅದು ಮನೆಗೆ ಬರುವ ಮುಂಚೆಯೇ ಆಗಿರಲಿ.