ಕುಂತಿಬೆಟ್ಟದ ಬಂಡೆ ಮೇಲೆ ಕಾಲು ಜಾರ್ತಿದ್ರೆ ಹಿಮ್ಮಡಿ ಇಳಿಸಿ

ಪಾಂಡವಪುರದ ಕುಂತಿಬೆಟ್ಟಕ್ಕೆ ಹೋಗೋರು ನೋಡ್ಕೊಳಿ, ಇಳಿಜಾರು ಬಂಡೆ ಹತ್ತೋವಾಗ ತುದಿಗಾಲಲ್ಲಿ ನಿಲ್ಬೇಡಿ, ಹಿಮ್ಮಡಿ ಕೆಳಗಿಳಿಸಿ ಮೈನ ಬಂಡೆಯಿಂದ ದೂರ ಇಟ್ಟು ನೆಟ್ಟಗೆ ನಿಂತು ಚಿಕ್ಕ ಚಿಕ್ಕ ಹೆಜ್ಜೆ ಹಾಕಿ. ಭಯ ಆದಾಗ ಎಲ್ರೂ ಹಲ್ಲಿ ಥರ ಬಂಡೆನ ಅಪ್ಕೊಂಡ್ಬಿಡ್ತಾರೆ, ಹಲ್ಲಿ ಪಾದದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದ್ಲು ರಾಶಿ ಇರುತ್ತೆ ಅದಕ್ಕೆ ಅಂಟುತ್ತೆ, ನಮ್ಗಿರೋದು ಸೋಲ್‌ನ ರಬ್ಬರ್ ಅಷ್ಟೇ. ಮುಂದಕ್ಕೆ ಬಾಗಿ ಕೈ ಊರಿದ್ರೆ ಪಾದ ಹಿಂದಕ್ಕೆ ತಳ್ಳುತ್ತೆ, ಜಾರುತ್ತೆ. ನೆಟ್ಟಗೆ ನಿಂತ್ರೆ ಭಾರ ಪೂರ್ತಿ ಪಾದದ ಮೇಲೆ ಬಿದ್ದು ರಬ್ಬರ್ ಗ್ರಾನೈಟ್‌ನ ತರಿ ಕಚ್ಕೊಳುತ್ತೆ. ಹತ್ತೋ ಮುಂಚೆ ಸೋಲ್‌ಗೆ ಮೆತ್ಕೊಂಡಿರೋ ಮರಳನ್ನ ಅಂಗೈಲಿ ಕಿರ್ರ್ ಅನ್ನೋವರ್ಗೂ ಉಜ್ಜಿ ತೆಗೀರಿ, ಇದನ್ನ ಯಾರೂ ಮಾಡಲ್ಲ, ಆದ್ರೆ ಅರ್ಧ ಜಾರೋದು ಆ ಮರಳಿಂದಾನೇ. ಬಂಡೆ ಒದ್ದೆ ಇದ್ರೆ ಇದ್ಯಾವ್ದೂ ನಡೆಯಲ್ಲ, ಅದ್ರಲ್ಲೂ ನೀರು ಹರಿದು ಕಪ್ಪು ಪಟ್ಟೆ ಬಿದ್ದಿರೋ ಕಡೆ ಪಾಚಿ ಇರುತ್ತೆ, ಮಳೆ ಬಿದ್ರೆ ದಯವಿಟ್ಟು ಅಲ್ಲಿ ಕಾಲಿಡ್ಲೇಬೇಡಿ. ಸವೆದ ಚಪ್ಪಲಿಗೂ ಆಗಲ್ಲ. ಗೋಡೆ ಥರ ಕಡಿದಾಗಿದ್ರೆ ಹಗ್ಗ, ಹೆಲ್ಮೆಟ್, ಗೊತ್ತಿರೋರು ಜೊತೆಗೆ ಬೇಕೇ ಬೇಕು.