ಇಲಿಗಳ ಸಕ್ಕರೆ ಇಳಿಸಿದ್ದು ಕ್ವೆರ್ಸಿಟಿನ್ನೋ, ನನ್ನ ಕೈಯೋ?

ಮೊದಲ ಬ್ಯಾಚಿನ ಫಲಿತಾಂಶ ನೋಡಿ ಕುಣಿದಾಡಿಬಿಟ್ಟಿದ್ದೆ. ಸಕ್ಕರೆ ಕಾಯಿಲೆ ತರಿಸಿ, ಕ್ವೆರ್ಸಿಟಿನ್ (ಈರುಳ್ಳಿಯಂಥ ಗಿಡಗಳಲ್ಲಿರುವ ಒಂದು ವಸ್ತು) ಕುಡಿಸಿದ ಇಲಿಗಳಲ್ಲಿ ರಕ್ತದ ಸಕ್ಕರೆಯೂ ಟ್ರೈಗ್ಲಿಸರೈಡ್ ಎಂಬ ಕೊಬ್ಬೂ ಚೆನ್ನಾಗಿ ಇಳಿದಿದ್ದವು. ನಮ್ಮ ಗೈಡ್ ಕೇಳಿದ್ದು ಒಂದೇ ಪ್ರಶ್ನೆ. "ಕುಡಿಸೋಕೆ ಶುರು ಮಾಡಿದ ದಿನ ಎರಡೂ ಗುಂಪಿನ ಸಕ್ಕರೆ ಎಷ್ಟಿತ್ತು?"

ನೋಟ್‌ಬುಕ್ ತೆಗೆದೆ. ಕ್ವೆರ್ಸಿಟಿನ್ ಗುಂಪಿನದು ಮೊದಲೇ ಕಡಿಮೆ ಇತ್ತು.

ಕಾರಣ ಹೊಳೆಯಲು ಎರಡು ದಿನ ಬೇಕಾಯಿತು. ಕಾಯಿಲೆ ಜಾಸ್ತಿಯಾದ ಇಲಿ ಮಂಕಾಗಿ ಮೂಲೆಯಲ್ಲಿ ಕೂತಿರುತ್ತದೆ, ಕೈಗೆ ಬೇಗ ಸಿಗುತ್ತದೆ. ಮೊದಲು ಸಿಕ್ಕವನ್ನೆಲ್ಲ ಔಷಧ ಕೊಡದ ಕಂಟ್ರೋಲ್ ಗುಂಪಿಗೆ ಹಾಕಿದ್ದೆ. ಓಡಾಡಿ ತಪ್ಪಿಸಿಕೊಂಡ ಗಟ್ಟಿ ಇಲಿಗಳು ಕೊನೆಗೆ ಕ್ವೆರ್ಸಿಟಿನ್ ಪಾಲಿಗೆ ಬಂದವು. ಔಷಧ ಗೆಲ್ಲದೆ ಇನ್ನೇನು?

ಎರಡನೇ ಬ್ಯಾಚಿನಲ್ಲಿ ಸಕ್ಕರೆ ಕಾಯಿಲೆ ತರಿಸುವ ಹಂತದಿಂದಲೇ ಎಚ್ಚರವಾಗಿದ್ದೆ. ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ಕೊಂದು ಕಾಯಿಲೆ ತರಿಸುವ ಸ್ಟ್ರೆಪ್ಟೊಜೊಟೊಸಿನ್ ಬಹಳ ಸೂಕ್ಷ್ಮ. ತಣ್ಣಗಿನ, ಹುಳಿ ಮಟ್ಟ ಬದಲಾಗದ ಸಿಟ್ರೇಟ್ ಬಫರ್‌ನಲ್ಲಿ, ಪಿಎಚ್ 4.5ರಲ್ಲಿ ಕರಗಿಸಿ ತಕ್ಷಣ ಚುಚ್ಚಬೇಕು. ಬಾಟಲಿ ಬೆಂಚಿನ ಮೇಲೆ ಕೂತಷ್ಟೂ ಅದರ ಬಲ ಇಳಿಯುತ್ತದೆ, ಕೊನೆಯ ಇಲಿಗೆ ಅರೆಬರೆ ಡೋಸ್ ಸಿಗುತ್ತದೆ. ನಾನು ಕೊಟ್ಟದ್ದು ಕಿಲೋ ತೂಕಕ್ಕೆ 50 ಮಿಲಿಗ್ರಾಂ. ಬೀಟಾ ಕೋಶಗಳು ಸಾಯುವಾಗ ಒಳಗಿದ್ದ ಇನ್ಸುಲಿನ್ ಒಮ್ಮೆಲೇ ಹೊರಗೆ ಸುರಿಯುತ್ತದೆ. ಆ ರಾತ್ರಿ ಸಕ್ಕರೆ ಪಾತಾಳಕ್ಕಿಳಿದು ಇಲಿ ಸತ್ತೇ ಹೋಗಬಹುದು. ಅದಕ್ಕೆ ಮೊದಲ ದಿನ ಗ್ಲೂಕೋಸ್ ನೀರು ಇಟ್ಟೆ.

72 ಗಂಟೆ ಬಿಟ್ಟು ಉಪವಾಸದ ಸಕ್ಕರೆ ನೋಡಿದೆ. ಡೆಸಿಲೀಟರಿಗೆ 250 ಮಿಲಿಗ್ರಾಂ ದಾಟಿದವನ್ನು ಮಾತ್ರ ಇಟ್ಟುಕೊಂಡೆ. ಸಕ್ಕರೆಯ ಪ್ರಕಾರ ಸಾಲಾಗಿ ಬರೆದು, ಹತ್ತಿರದ ಅಂಕಿಯವನ್ನು ಜೊತೆ ಮಾಡಿ, ಯಾವುದು ಯಾವ ಗುಂಪಿಗೆ ಅಂತ ಚೀಟಿ ಎತ್ತಿದೆ. ಕ್ವೆರ್ಸಿಟಿನ್ ನೀರಿನಲ್ಲಿ ಕರಗುವುದಿಲ್ಲ, ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ದ್ರಾವಣದಲ್ಲಿ ಕಲಕಿ ಕುಡಿಸಬೇಕು. ಕಂಟ್ರೋಲ್ ಇಲಿಗಳಿಗೂ ಅದೇ ದ್ರಾವಣ, ಅದೇ ಕೊಳವೆ, ಅದೇ ಹೊತ್ತು.

ನಿಜವಾದ ಪಾಠ ಕಲಿತದ್ದು ರಕ್ತ ತೆಗೆಯುವಾಗ. ಹೆದರಿದ ಇಲಿಯ ಸಕ್ಕರೆ ನಿಮಿಷಗಳಲ್ಲಿ ಏರುತ್ತದೆ. ಹಾಗಾಗಿ ಒಂದು ವಾರ ಸುಮ್ನೆ ಕೈಯಲ್ಲಿ ಹಿಡಿದು ರೂಢಿ ಮಾಡಿಸಿದೆ. ಅರಿವಳಿಕೆಯೂ ನಂಬಿಕಸ್ತನಲ್ಲ. ಕೆಟಮಿನ್ ಜೊತೆ ಕೊಡುವ ಜೈಲಜಿನ್ ಇನ್ಸುಲಿನ್ ಬಿಡುಗಡೆ ತಡೆದು ಸಕ್ಕರೆ ಏರಿಸುತ್ತದೆ. ಅದಕ್ಕೇ ವಾರದ ಪರೀಕ್ಷೆಗೆ ಬಾಲದ ತುದಿಯ ಹನಿ ಸಾಕು ಅಂತ ತೀರ್ಮಾನಿಸಿದೆ.

ತೆಗೆದ ರಕ್ತವನ್ನು ಹಾಗೇ ಇಟ್ಟರೆ ಕೆಂಪು ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಅದನ್ನು ತಡೆಯಲು ಫ್ಲೋರೈಡ್ ಟ್ಯೂಬ್ ಬಳಸಿದೆ. ಜಾಣತನ ಜಾಸ್ತಿಯಾಗಿ ಅದೇ ಟ್ಯೂಬಿನಿಂದ ಯೂರಿಯಾ (ಕಿಡ್ನಿ ಕೆಟ್ಟರೆ ರಕ್ತದಲ್ಲಿ ಏರುವ ವಸ್ತು) ಕೂಡ ನೋಡಿದೆ. ಎಲ್ಲ ಇಲಿಗಳ ಕಿಡ್ನಿಯೂ ಅದ್ಭುತವಾಗಿತ್ತು! ಆ ಪರೀಕ್ಷೆಗೆ ಬೇಕಾದ ಯೂರಿಯೇಸ್ ಕಿಣ್ವವನ್ನೂ ಫ್ಲೋರೈಡ್ ಕಟ್ಟಿಹಾಕುತ್ತದೆ ಅಂತ ಆಮೇಲೆ ಗೊತ್ತಾಯಿತು. ಅಷ್ಟೂ ಅಂಕಿ ಬಿಸಾಕಿ, ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಾದ ಸೀರಮ್‌ನಲ್ಲಿ ಮತ್ತೆ ಮಾಡಿದೆ. ಆ ಸೀರಮ್‌ನಲ್ಲೂ ಕೆಲವು ಕೆಂಪಾಗಿದ್ದವು. ಕಣ ಒಡೆದ ಸೀರಮ್‌ನಲ್ಲಿ ಎಎಸ್‌ಟಿ (ಲಿವರ್ ಹಾನಿ ತಿಳಿಯಲು ನೋಡುವ ಕಿಣ್ವ) ಸುಳ್ಳೇ ಏರುತ್ತದೆ, ಲಿವರ್‌ಗೆ ಏನೋ ಆಗಿದೆ ಅನಿಸುತ್ತದೆ. ಅವನ್ನೂ ಕೈಬಿಟ್ಟೆ.

ಎಲ್‌ಡಿಎಲ್ ಅನ್ನು (ಕೆಟ್ಟ ಕೊಲೆಸ್ಟರಾಲ್) ಮನುಷ್ಯರ ಸೂತ್ರದಿಂದ ಲೆಕ್ಕ ಹಾಕುವ ಆಸೆಯೂ ಆಗಿತ್ತು. ಇಲಿಯ ಕೊಲೆಸ್ಟರಾಲ್ ಹೆಚ್ಚಾಗಿ ಒಳ್ಳೆಯದು ಅನ್ನುವ ಎಚ್‌ಡಿಎಲ್‌ನಲ್ಲೇ ಇರುತ್ತದೆ, ಆ ಸೂತ್ರಕ್ಕೆ ಅರ್ಥವಿಲ್ಲ. ಬಿಟ್ಟೆ.

ಇಷ್ಟೆಲ್ಲ ಆದ ಮೇಲೆ ಸಿಕ್ಕದ್ದು ಚಿಕ್ಕ ಫಲ. ಸಕ್ಕರೆ ಇಳಿಯಿತು, ಆದರೆ ಇಲಿಗಳಿಗೆ ಕಾಯಿಲೆ ಇದ್ದೇ ಇತ್ತು. ಕೊಬ್ಬು ಹಾಳಾಗುವುದನ್ನು ತೋರಿಸುವ ಎಂಡಿಎ ಮತ್ತು ಟ್ರೈಗ್ಲಿಸರೈಡ್ ಇಳಿದದ್ದು ಹೆಚ್ಚು ಸ್ಪಷ್ಟ. ಸತ್ತ ಬೀಟಾ ಕೋಶಗಳನ್ನು ಕ್ವೆರ್ಸಿಟಿನ್ ಎಬ್ಬಿಸಿತು ಅಂತ ನನಗೆ ಅನಿಸುವುದಿಲ್ಲ. ಉಳಿದವಕ್ಕೆ ಆಸರೆಯಾಗಿರಬಹುದು, ಅಷ್ಟೇ.

ಟ್ರೈಗ್ಲಿಸರೈಡ್ ಬಗ್ಗೆ ಒಂದು ಅನುಮಾನ ಉಳಿದಿದೆ. ಕ್ವೆರ್ಸಿಟಿನ್ ಕುಡಿದ ಇಲಿಗಳು ಊಟವನ್ನೇ ಕಡಿಮೆ ಮಾಡಿದ್ದರೆ? ಆಗ ನಾನು ಆಹಾರ ತೂಗಿರಲಿಲ್ಲ. ಈಗ ಮೂರನೇ ಬ್ಯಾಚ್ ನಡೆಯುತ್ತಿದೆ, ದಿನಾ ಬೆಳಗ್ಗೆ ಪಂಜರದಲ್ಲಿ ಉಳಿದ ಕಾಳು ತೂಗಿ ಬರೆದಿಡುತ್ತಿದ್ದೇನೆ.