ತಿಂಗಳ ಗುರಿ: ಮೊದಲು ಲೆಕ್ಕ, ಆಮೇಲೆ ಸಂಕಲ್ಪ

ಡಿಸೆಂಬರ್ ಕೊನೆಯಲ್ಲಿ ಮಾಡಿದ ಸಂಕಲ್ಪ ಸಂಕ್ರಾಂತಿಯ ಎಳ್ಳುಬೆಲ್ಲದ ಹೊತ್ತಿಗೆ ಮರೆತೇ ಹೋಗಿರುತ್ತದೆ. ಮನಸ್ಸು ಗಟ್ಟಿಯಿಲ್ಲ ಎಂದು ನಮ್ಮನ್ನು ನಾವೇ ಬೈದುಕೊಂಡು ಸುಮ್ಮನಾಗುತ್ತೇವೆ. ದಿನಾ ಒಂದು ಗಂಟೆ ನಡಿಗೆ, ತಿಂಗಳಿಗೆ ಐದು ಸಾವಿರ ಉಳಿತಾಯ, ವಾರಕ್ಕೊಂದು ಪುಸ್ತಕ ಎಂಬ ಅಂಕಿಗಳೆಲ್ಲ ಎಲ್ಲಿಂದ ಬಂದವು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅವು ಆಸೆಯಿಂದ ಬಂದವು. ಇಲ್ಲಿ ಹೇಳುವ ಕ್ರಮದಲ್ಲಿ ಆಸೆಗೆ ಅಂಕಿ ಬರೆಯುವ ಅಧಿಕಾರವಿಲ್ಲ. ಮುಂದಿನ ತಿಂಗಳ ಅಂಕಿಯನ್ನು ಹೋದ ತಿಂಗಳ ಲೆಕ್ಕವೇ ಕೊಡಬೇಕು.

ತಿಂಗಳೇ ಯಾಕೆ? ಸಂಬಳ, ಬಾಡಿಗೆ, ಕರೆಂಟ್ ಬಿಲ್, ಹಾಲಿನ ಲೆಕ್ಕ, ಚೀಟಿ ದುಡ್ಡು ಎಲ್ಲವೂ ನಮ್ಮಲ್ಲಿ ತಿಂಗಳ ಲೆಕ್ಕದಲ್ಲೇ ನಡೆಯುತ್ತವೆ. ವಾರ ತೀರಾ ಸಣ್ಣದು, ಒಂದು ಜ್ವರ ಅಥವಾ ಒಂದು ಮದುವೆ ಬಂದರೆ ವಾರವೇ ಮುಗಿಯಿತು. ವರ್ಷವೆಂದರೆ, ತಪ್ಪಿದ್ದು ಗೊತ್ತಾಗುವಷ್ಟರಲ್ಲಿ ದೀಪಾವಳಿ ಬಂದಿರುತ್ತದೆ.

ಬೇಕಾಗುವುದು

ಗೆರೆಯಿರುವ ಒಂದು ನೋಟ್‌ಬುಕ್, ಒಂದು ಪೆನ್, ಮತ್ತು ಹಾಲಿನ ಲೆಕ್ಕವನ್ನೂ ಸಿಲಿಂಡರ್ ಬಂದ ದಿನವನ್ನೂ ಗುರುತು ಹಾಕುವ ಗೋಡೆ ಕ್ಯಾಲೆಂಡರ್. ಚೌಕಗಳು ದೊಡ್ಡದಿರಲಿ. ಆ್ಯಪ್ ಬೇಡವೆಂದಲ್ಲ, ಆದರೆ ಗುರುತು ಹಾಕಲು ಫೋನ್ ಕೈಗೆತ್ತಿಕೊಂಡವರು ಇಪ್ಪತ್ತು ನಿಮಿಷ ರೀಲ್ಸ್ ನೋಡಿ ಕೆಳಗಿಡುತ್ತಾರೆ. ಬಣ್ಣದ ಪೆನ್ನು, ಸ್ಟಿಕ್ಕರು, ಅಂಚಿಗೆ ಚಿತ್ತಾರ ಇವೆಲ್ಲ ಮೊದಲ ತಿಂಗಳ ಉಮೇದು. ಮೂರನೇ ತಿಂಗಳಲ್ಲಿ ಪುಟ ಚೆನ್ನಾಗಿ ಕಾಣುತ್ತಿಲ್ಲವೆಂಬ ಕಾರಣಕ್ಕೇ ಬರೆಯುವುದು ನಿಲ್ಲುತ್ತದೆ.

ಸಮಯ 40 ನಿಮಿಷ: 25 ನಿಮಿಷ ಹೋದ ತಿಂಗಳಿಗೆ, 15 ನಿಮಿಷ ಬರುವ ತಿಂಗಳಿಗೆ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ದಿನವನ್ನು ಮನೆಯ ಲಯ ನೋಡಿ ಆರಿಸಿ. ಆಫೀಸಿಗೆ ಹೋಗುವವರಿಗೆ ತಿಂಗಳ ಮೊದಲ ಭಾನುವಾರ ಸಂಜೆ ಆದೀತು. ಮನೆ ನಡೆಸುವವರಿಗೆ ಭಾನುವಾರದಷ್ಟು ಕೆಟ್ಟ ದಿನ ಇನ್ನೊಂದಿಲ್ಲ. ಮಕ್ಕಳು ಶಾಲೆಗೆ ಹೋದ ಮೇಲಿನ ಸೋಮವಾರ ಮಧ್ಯಾಹ್ನ ಮೇಲು. ತಿಂಗಳ ಆರಂಭಕ್ಕೆ ಅದರದ್ದೇ ಒಂದು ಬಲವೂ ಇದೆ. ವಾರದ, ತಿಂಗಳ, ವರ್ಷದ ಮೊದಲ ದಿನಗಳಲ್ಲಿ ಜನ ಜಿಮ್‌ಗೆ ಹೋಗುವುದು, ಡಯಟ್ ಬಗ್ಗೆ ಹುಡುಕುವುದು ಹೆಚ್ಚು ಎಂದು ಹೆಂಗ್‌ಚೆನ್ ಡಾಯ್, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಆ ಹುರುಪನ್ನು ಬಳಸಿಕೊಳ್ಳಿ, ಆದರೆ ಗುರಿಯ ಅಂಕಿಯನ್ನು ಅದರ ಕೈಗೆ ಕೊಡಬೇಡಿ.

ಹಂತ 1: ತಿಂಗಳಿಡೀ ಗುರುತು

ಕೆಲಸ ಆದ ದಿನ ಚೌಕದಲ್ಲಿ ಒಂದು ರೈಟ್ ಮಾರ್ಕ್. ಆಗದ ದಿನ ಖಾಲಿ ಬಿಡಬೇಡಿ, ಕಾರಣದ ಒಂದಕ್ಷರ ಬರೆಯಿರಿ: ಮ ಅಂದರೆ ಮಳೆ, ನೆ ಅಂದರೆ ನೆಂಟರು, ಕೆ ಅಂದರೆ ಕೆಲಸದ ಒತ್ತಡ, ಆ ಅಂದರೆ ಆರೋಗ್ಯ, ಸೋ ಅಂದರೆ ಸೋಮಾರಿತನ. ಐದಾರು ಅಕ್ಷರ ಸಾಕು. ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಮೇಲೆ ಹತ್ತು ಸೆಕೆಂಡಿನ ಕೆಲಸ.

ಇಡೀ ಕ್ರಮಕ್ಕೆ ಆಧಾರ ಈ ಒಂದಕ್ಷರ. ತಿಂಗಳ ಕೊನೆಯಲ್ಲಿ ನೆನಪಿನಿಂದ ಬರೆಯಲು ಕೂತರೆ ಕೊನೆಯ ಹತ್ತು ದಿನ ಮಾತ್ರ ಕಣ್ಣಮುಂದೆ ಬರುತ್ತವೆ. ಆ ಹತ್ತು ದಿನ ಚೆನ್ನಾಗಿದ್ದರೆ ತಿಂಗಳೇ ಚೆನ್ನಾಗಿತ್ತು ಅನ್ನಿಸುತ್ತದೆ, ಕೆಟ್ಟಿದ್ದರೆ ತಿಂಗಳೇ ಹಾಳು.

ಹಂತ 2: ಲೆಕ್ಕ ನೋಡುವುದು

ಅಭಿಪ್ರಾಯ ಬರೆಯುವ ಮೊದಲು ದಾಖಲೆಗಳನ್ನು ಮುಂದೆ ಇಟ್ಟುಕೊಳ್ಳಿ: ಕ್ಯಾಲೆಂಡರ್, ಬ್ಯಾಂಕಿನ ಸ್ಟೇಟ್‌ಮೆಂಟ್, ಯುಪಿಐ ಪಾವತಿಗಳ ಪಟ್ಟಿ, ಓದುತ್ತಿರುವ ಪುಸ್ತಕದಲ್ಲಿ ಗುರುತಿಟ್ಟ ಪುಟ. ಮೊಬೈಲ್ ಬಳಕೆ ತಗ್ಗಿಸುವುದು ಗುರಿಯಾಗಿದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ದಿನದ ಬಳಕೆಯ ಗಂಟೆಗಳು ಸಿಗುತ್ತವೆ. ಹಳೆಯ ವಾರಗಳ ವಿವರ ಅಲ್ಲಿ ಬಹಳ ಕಾಲ ಉಳಿಯುವುದಿಲ್ಲವಾದ್ದರಿಂದ ಪ್ರತಿ ಭಾನುವಾರ ಆ ವಾರದ ಸರಾಸರಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ.

ಪ್ರತಿ ಗುರಿಗೂ ಒಂದು ಸಾಲು ಸಾಕು. ಶಿವಮೊಗ್ಗದ ಕಡೆಯವರೊಬ್ಬರ ಜುಲೈ ಪುಟ ಹೀಗಿದೆ ಅಂದುಕೊಳ್ಳಿ:

ಸಂಜೆ ನಡಿಗೆ, 30 ನಿಮಿಷ. ಗುರಿ 25. ಆದದ್ದು 11. ಆಗದ್ದು 20: ಮ 12, ಕೆ 5, ಸೋ 3.

ಅಕ್ಷರಗಳಿಲ್ಲದಿದ್ದರೆ ಈ ಸಾಲು ಓದಿದವರು ‘ನನ್ನ ಕೈಲಾಗುವುದಿಲ್ಲ’ ಎಂದು ಪುಸ್ತಕ ಮುಚ್ಚುತ್ತಿದ್ದರು. ಅಕ್ಷರಗಳು ಬೇರೆಯೇ ಕತೆ ಹೇಳುತ್ತವೆ. ಸೋಮಾರಿತನದಿಂದ ತಪ್ಪಿದ್ದು ಮೂರೇ ದಿನ. ಹನ್ನೆರಡು ದಿನ ಮಳೆಗೆ ಹೋದವು, ಮಲೆನಾಡಿನ ಆಷಾಢದಲ್ಲಿ ಸಂಜೆ ನಡಿಗೆಗೆ ಅಂಕಿ ಹಾಕಿದ್ದೇ ತಪ್ಪು. ಇನ್ನು ಆ ಐದು ‘ಕೆ’ಗಳು ಯಾವ ವಾರದಂದು ಬಿದ್ದಿವೆ ನೋಡಿ. ಐದರಲ್ಲಿ ನಾಲ್ಕು ಸೋಮವಾರವೇ ಆಗಿದ್ದರೆ ಸೋಮವಾರವನ್ನು ಗುರಿಯಿಂದಲೇ ತೆಗೆದುಹಾಕಬಹುದು. ಕ್ಯಾಲೆಂಡರಿನಲ್ಲಿ ಸೋಮವಾರಗಳೆಲ್ಲ ಒಂದೇ ಸಾಲಿಗೆ ಬರುವುದರಿಂದ ಇದು ಒಂದೇ ನೋಟಕ್ಕೆ ಸಿಗುತ್ತದೆ.

ಹಂತ 3: ತೀರ್ಮಾನ

ಆದದ್ದನ್ನು ಗುರಿಯಿಂದ ಭಾಗಿಸಿ, ನೂರಕ್ಕೆ ಎಷ್ಟು ಎಂದು ನೋಡಿ.

80 ಅಥವಾ ಅದಕ್ಕಿಂತ ಹೆಚ್ಚಾದರೆ ಅದೇ ಗುರಿಯನ್ನು ಇನ್ನೊಂದು ತಿಂಗಳು ಹಾಗೇ ಇಡಿ. ಇಲ್ಲಿ ಎಡವುವವರೇ ಹೆಚ್ಚು, ಒಂದು ತಿಂಗಳು ಗೆದ್ದ ಕೂಡಲೇ ಅಂಕಿ ಏರಿಸಿಬಿಡುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ಮಾಡಿದ ಅಧ್ಯಯನದಲ್ಲಿ, ಹೊಸ ಕೆಲಸವೊಂದು ತಾನಾಗಿ ಆಗುವ ಅಭ್ಯಾಸವಾಗಲು ಸುಮಾರು 66 ದಿನ ಬೇಕಾಯಿತು. ಅಂದರೆ ಎರಡು ತಿಂಗಳ ಮೇಲೆಯೇ. ಕೆಲವರಿಗೆ 18 ದಿನಕ್ಕೇ ಒಗ್ಗಿತು, ಕೆಲವರಿಗೆ 254 ದಿನ ಹಿಡಿದೀತು ಎಂಬ ಅಂದಾಜು ಬಂತು. 21 ದಿನದಲ್ಲಿ ಅಭ್ಯಾಸ ಎಂಬ ವಾಟ್ಸ್ಆ್ಯಪ್ ಮಾತನ್ನು ನಂಬಬೇಡಿ.

40ರಿಂದ 80ರ ನಡುವೆ ಇದ್ದರೆ ಹೊಸ ಅಂಕಿ ಎಂದರೆ ಆದದ್ದು, ಅದರ ಮೇಲೆ ಕಾಲು ಭಾಗ. ಜೊತೆಗೆ ಹೊತ್ತು ಅಥವಾ ಜಾಗ ಬದಲಿಸಿ. ಮೇಲಿನ ನಡಿಗೆಯವರದು 25ಕ್ಕೆ 11, ಅಂದರೆ ನೂರಕ್ಕೆ 44. ಹನ್ನೊಂದಕ್ಕೆ ಕಾಲು ಭಾಗ ಸೇರಿದರೆ 14. ಆಗಸ್ಟ್ ಗುರಿ 14 ದಿನ, ಬೆಳಗಿನ ಹೊತ್ತು, ಮಳೆ ಹಿಡಿದಿದ್ದರೆ ಮನೆಯ ಜಗಲಿಯ ಮೇಲೆಯೇ.

40ಕ್ಕಿಂತ ಕಡಿಮೆಯಾದರೆ ದಿನಗಳ ಸಂಖ್ಯೆಯನ್ನು ಆದಷ್ಟಕ್ಕೇ ಇಳಿಸಿ, ಕೆಲಸವನ್ನೂ ಚಿಕ್ಕದು ಮಾಡಿ: 30 ನಿಮಿಷ ಇದ್ದದ್ದು 10 ನಿಮಿಷ. ಸತತ ಎರಡು ತಿಂಗಳು 40 ಮುಟ್ಟದ್ದನ್ನು ಬಿಟ್ಟುಬಿಡಿ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ‘ಸದ್ಯಕ್ಕೆ ಬೇಡ’ ಎಂಬ ಪಟ್ಟಿ ಮಾಡಿ ಅಲ್ಲಿ ಬರೆದಿಡಿ. ಆರು ತಿಂಗಳ ನಂತರ ನೋಡಿದರಾಯಿತು. ಅಷ್ಟು ದಿನವಾದರೂ ಅದರ ನೆನಪೇ ಬರಲಿಲ್ಲವೆಂದರೆ ಅದು ಬೇರೆ ಯಾರದೋ ಗುರಿ.

ಬಾಕಿಯನ್ನು ಮುಂದಿನ ತಿಂಗಳಿಗೆ ಹೊರಿಸುವುದು ಕೂಡದು. ಜುಲೈಯಲ್ಲಿ ಗುರಿಗೆ ಕಡಿಮೆ ಬಿದ್ದ 14 ದಿನವನ್ನು ಆಗಸ್ಟಿನ 25ಕ್ಕೆ ಸೇರಿಸಿದರೆ 39 ಆಗುತ್ತದೆ, ಆಗಸ್ಟಿಗೆ ಇರುವುದೇ 31 ದಿನ. ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಕಟ್ಟುವ ಉಳಿತಾಯ ಖಾತೆಯಾದ ಆರ್‌ಡಿಯ ಕಂತು ತಪ್ಪಿದರೆ ಮುಂದಿನ ಸಲ ನೂರು ರೂಪಾಯಿಗೆ ಒಂದು ರೂಪಾಯಿಯಂತೆ ದಂಡ ಸೇರಿಸಿ ಕಟ್ಟಲೇಬೇಕು. ನಡಿಗೆಗೆ ಅಂಥ ಕಾಯಿದೆ ಇಲ್ಲ.

ಹಂತ 4: ಕೈಗೆ ಸಿಗುವ ದಿನ ಎಣಿಸುವುದು

ಬರುವ ತಿಂಗಳ ಹಾಳೆ ತಿರುಗಿಸಿ, ಈಗಾಗಲೇ ಗೊತ್ತಿರುವ ಅಡ್ಡಿಗಳನ್ನು ಕಳೆಯಿರಿ. ದಸರಾ ಬರುವ ಅಕ್ಟೋಬರ್ ಎಂದುಕೊಳ್ಳಿ: 31 ದಿನದಲ್ಲಿ ಆಯುಧಪೂಜೆ, ವಿಜಯದಶಮಿಗೆ ಊರಿಗೆ ಹೋಗಿಬರಲು 4, ನೆಂಟರ ಮನೆಯ ಗೃಹಪ್ರವೇಶಕ್ಕೆ 1, ಆಫೀಸಿನ ಆಡಿಟ್‌ಗೆ 3, ಏನೂ ಕಾರಣವಿಲ್ಲದೆ ತಪ್ಪುವುದಕ್ಕೆ 3. ಉಳಿದದ್ದು 20. ಹಂತ 3ರ ಅಂಕಿ ಇದಕ್ಕಿಂತ ಹೆಚ್ಚಿದ್ದರೆ 20ಕ್ಕೇ ನಿಲ್ಲಿಸಿ.

ಕೊನೆಯ ಆ 3ನ್ನು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಕೆಲಸಕ್ಕೆ ಹಿಡಿಯುವ ಸಮಯವನ್ನು ಎಲ್ಲರೂ ಕಡಿಮೆ ಅಂದಾಜಿಸುತ್ತಾರೆ, ಹಿಂದೆ ಹಾಗಾದದ್ದು ಗೊತ್ತಿದ್ದರೂ ಅಂದಾಜಿಸುತ್ತಾರೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲೇ ಇದನ್ನು ಗುರುತಿಸಿದ್ದರು. ಮಳೆಗಾಲ, ಪರೀಕ್ಷೆಯ ಮಾರ್ಚ್, ಮದುವೆಗಳ ಮೇ, ಕಾಫಿ ಸೀಮೆಯವರಿಗೆ ಕೊಯ್ಲಿನ ಡಿಸೆಂಬರ್, ಜನವರಿ: ಒಬ್ಬೊಬ್ಬರ ತಿಂಗಳು ಒಂದೊಂದು ಕಡೆ ಕಿರಿದಾಗುತ್ತದೆ.

ಹಂತ 5: ಗುರಿ ಬರೆಯುವುದು

ಮೂರೇ ಗುರಿ. ಮೈಗೊಂದು, ಮನೆ ಅಥವಾ ದುಡ್ಡಿಗೊಂದು, ಮನಸ್ಸಿಗೊಂದು. ನಾಲ್ಕನೆಯದು ಬಂತೆಂದರೆ ಕ್ಯಾಲೆಂಡರ್ ಚೌಕದಲ್ಲಿ ಗುರುತಿಗೆ ಜಾಗ ಸಾಲದು, ಅದೇ ಒಳ್ಳೆಯ ಎಚ್ಚರಿಕೆ.

ಫಲವನ್ನು ಬರೆಯಬೇಡಿ, ಮಾಡುವ ಕೆಲಸವನ್ನು ಬರೆಯಿರಿ. ‘ಎರಡು ಕಿಲೋ ಇಳಿಸುವುದು’ ನಿಮ್ಮ ಕೈಯಲ್ಲಿಲ್ಲ. ಬೆಳಿಗ್ಗೆಗೂ ರಾತ್ರಿಗೂ ತೂಕ ಒಂದು ಕಿಲೋ ಆಚೀಚೆ ಆಗುತ್ತಲೇ ಇರುತ್ತದೆ. ‘ರಾತ್ರಿ ಊಟ 8:30ರೊಳಗೆ, 18 ದಿನ’ ಎಂಬುದು ಕೈಯಲ್ಲಿದೆ. ಸಕ್ಕರೆ ಕಾಯಿಲೆಯವರು ಎಚ್‌ಬಿಎ1ಸಿ ಅಂಕಿಯನ್ನು ತಿಂಗಳ ಗುರಿ ಮಾಡಿಕೊಳ್ಳುವುದುಂಟು. ಆ ರಕ್ತಪರೀಕ್ಷೆ ಹಿಂದಿನ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು ಹೇಳುತ್ತದೆ. ಒಂದು ತಿಂಗಳ ಶ್ರಮ ಅದರಲ್ಲಿ ಪೂರ್ತಿ ಕಾಣದೆ ಬೇಸರವಷ್ಟೇ ಉಳಿಯುತ್ತದೆ.

ಓದಿನ ಗುರಿಯಲ್ಲಿ ಭಾಗಾಕಾರ ಮಾಡಿ. 300 ಪುಟದ ಕಾದಂಬರಿಯನ್ನು ದಿನಕ್ಕೆ 10 ಪುಟದಂತೆ ಓದಿದರೆ 30 ದಿನವೂ ಓದಲೇಬೇಕು, ಒಂದು ದಿನ ತಪ್ಪಿದರೂ ಮುಗಿಯದು. ಕೈಗೆ ಸಿಗುವುದು 20 ದಿನವೆಂದಾದರೆ ದಿನಕ್ಕೆ 15 ಪುಟ. ಅಷ್ಟು ಆಗದೆಂದರೆ ಪುಸ್ತಕವನ್ನು ಎರಡು ತಿಂಗಳಿಗೆ ಹಂಚಿ.

ದುಡ್ಡಿನ ವಿಷಯದಲ್ಲಿ ‘ಖರ್ಚು ಕಡಿಮೆ ಮಾಡಬೇಕು’ ಎಂಬ ಸಾಲು ಬರೆದೂ ಬರೆಯದ ಹಾಗೆ. ಎಣಿಸಲು ಬರುವಂಥದ್ದು ಬೇಕು: ಹೋದ ತಿಂಗಳು ಹೊರಗಿನಿಂದ ಊಟ ತರಿಸಿದ್ದು 9 ಸಲ, ಈ ತಿಂಗಳು 7. ರೂಪಾಯಿಗಿಂತ ಸಲಗಳನ್ನು ಎಣಿಸುವುದು ಸುಲಭ, ಯುಪಿಐ ಪಟ್ಟಿಯಲ್ಲಿ ಬೆರಳಿಟ್ಟು ಎಣಿಸಿದರಾಯಿತು. ಉಳಿತಾಯವಾದರೆ ಅಂಚೆ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ, ಅವಧಿ ಐದು ವರ್ಷ. ತಿಂಗಳ 15ರೊಳಗೆ ತೆರೆದ ಖಾತೆಗೆ ಪ್ರತಿ ತಿಂಗಳೂ 15ರೊಳಗೆ ಕಟ್ಟಬೇಕು, 16ರ ನಂತರ ತೆರೆದದ್ದಕ್ಕೆ ತಿಂಗಳ ಕೊನೆಯ ಕೆಲಸದ ದಿನದವರೆಗೆ ಸಮಯ. ಸಂಬಳ ಮೊದಲ ವಾರ ಬರುವವರು ಮೊದಲನೆಯದನ್ನೇ ಆರಿಸಿಕೊಳ್ಳಲಿ, ಕೊನೆಯ ವಾರದಲ್ಲಿ ಕಟ್ಟಲು ಕೈಯಲ್ಲಿ ಏನು ಉಳಿದಿರುತ್ತದೆ?

ಗುರಿಗೆ ಹೊತ್ತು, ಜಾಗ, ಅಡ್ಡಿ ಬಂದರೆ ಏನು ಎಂಬ ಮೂರನ್ನೂ ಸೇರಿಸಿ ಒಂದೇ ವಾಕ್ಯ ಮಾಡಿ. ‘ಬೆಳಿಗ್ಗೆ ಕಾಫಿ ಕುಡಿದ ಲೋಟ ತೊಳೆದಿಟ್ಟ ಕೂಡಲೇ ಕೆರೆ ಏರಿಯ ಮೇಲೆ 30 ನಿಮಿಷ, ಮಳೆಯಿದ್ದರೆ ಜಗಲಿಯಲ್ಲಿ.’ ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು ಬರೀ ಆಸೆ ಇಟ್ಟುಕೊಂಡವರಿಗಿಂತ ಹೆಚ್ಚು ಸಲ ಕೆಲಸ ಮುಗಿಸುತ್ತಾರೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1999ರ ಲೇಖನದಲ್ಲಿ ವಿವರಿಸಿದ್ದಾರೆ. ಹೊತ್ತನ್ನು ಗಡಿಯಾರಕ್ಕಿಂತ ಮನೆಯಲ್ಲಿ ದಿನಾ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿದರೆ ಗಟ್ಟಿ. ಆರು ಗಂಟೆ ಸುಮ್ಮನೆ ದಾಟಿಹೋಗುತ್ತದೆ, ಬೆಳಗಿನ ಕಾಫಿ ತಪ್ಪುವುದಿಲ್ಲ.

ಹಂತ 6: ಹದಿನೈದನೇ ತಾರೀಖು

ಐದು ನಿಮಿಷ ಸಾಕು. ರೈಟ್ ಮಾರ್ಕ್‌ಗಳನ್ನು ಎಣಿಸಿ. ಗುರಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಅಂಕಿಯನ್ನು ಅಂದೇ ಇಳಿಸಿ, ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಹೊಸದನ್ನು ಬರೆಯಿರಿ. ತಿಂಗಳ ಕೊನೆಯ ಭಾಗಾಕಾರಕ್ಕೆ ಮಾತ್ರ ಹಳೆಯ ಅಂಕಿಯೇ.

ಎಲ್ಲಿ ಕೆಡುತ್ತದೆ

ಬೇರೆಯವರ ಅಂಕಿ ತರುವುದರಿಂದ ಕೆಡುತ್ತದೆ. ದಿನಕ್ಕೆ 10,000 ಹೆಜ್ಜೆ ಎಂಬುದನ್ನು ವೈದ್ಯರ ಅಪ್ಪಣೆಯೆಂದೇ ತಿಳಿದವರಿದ್ದಾರೆ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರೇ ‘ಮಾನ್ಪೊಕೆ’, ಹತ್ತು ಸಾವಿರ ಹೆಜ್ಜೆಯ ಮೀಟರ್ ಎಂದು. ಅಂಕಿ ಹರಡಿದ್ದು ಅಲ್ಲಿಂದ. ಈಗ 3,500 ಹೆಜ್ಜೆ ಹಾಕುವವರಿಗೆ ಕಾಲು ಭಾಗ ಸೇರಿಸಿದ ಸುಮಾರು 4,400 ಸರಿಯಾದ ಗುರಿ.

ಸತತ ದಿನಗಳ ಎಣಿಕೆಯಿಂದಲೂ ಕೆಡುತ್ತದೆ. ಆ್ಯಪ್‌ಗಳು 19 ದಿನ ಬಿಡದೆ ಮಾಡಿದ್ದನ್ನು ಮೆಚ್ಚಿ, ಇಪ್ಪತ್ತನೆಯ ದಿನ ತಪ್ಪಿದ ಕೂಡಲೇ ಸೊನ್ನೆ ತೋರಿಸುತ್ತವೆ. ಆ ಸೊನ್ನೆ ನೋಡಿ ಕೈಬಿಟ್ಟವರು ಎಷ್ಟೋ ಮಂದಿ. ಲ್ಯಾಲಿಯವರ ಅಧ್ಯಯನದಲ್ಲಿ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. ಹಾಗಾಗಿ ತಿಂಗಳ ಒಟ್ಟು ದಿನ ಎಣಿಸಿ.

ಮನೆಯಲ್ಲಿ ಇಬ್ಬರು ಸೇರಿ ಮಾಡುವುದು ಒಳ್ಳೆಯದೇ, ಒಬ್ಬರ ಪುಟವನ್ನು ಇನ್ನೊಬ್ಬರು ತಿದ್ದದಿದ್ದರೆ. ‘ಎಷ್ಟಾಯ್ತು?’ ಎಂದು ಕೇಳಬಹುದು. ‘ಯಾಕೆ ಆಗ್ಲಿಲ್ಲ?’ ಎಂಬ ಪ್ರಶ್ನೆ ಅಕ್ಷರ ಬರೆದವರಿಗೆ ಬಿಟ್ಟದ್ದು. ಗಂಡನೋ ಅತ್ತೆಯೋ ಅದನ್ನು ಕೇಳಲು ತೊಡಗಿದರೆ ಚೌಕದಲ್ಲಿ ಸುಳ್ಳು ರೈಟ್ ಮಾರ್ಕ್‌ಗಳು ಬೀಳತೊಡಗುತ್ತವೆ.

ಇನ್ನು, ತಿಂಗಳ ಮೊದಲ ವಾರ ಕೂರಲು ಆಗದೇ ಹೋಗುವುದೂ ಉಂಟು. 7ನೇ ತಾರೀಖಿನೊಳಗೆ ಕೂತರೆ ಮಾಮೂಲಿನಂತೆ ಮಾಡಿ. ಅದೂ ದಾಟಿದರೆ ಹಳೆಯ ಗುರಿಗಳನ್ನೇ ಅದೇ ಅಂಕಿಯಲ್ಲಿ ಮುಂದುವರಿಸಿ, ಆ ತಿಂಗಳ ಪುಟದ ತಲೆಗೆ ‘ಕೂರಲಿಲ್ಲ’ ಎಂದು ಬರೆದು ಕಾರಣದ ಒಂದಕ್ಷರ ಹಾಕಿ, ಮುಂದಿನ ತಿಂಗಳ ದಿನವನ್ನು ಕ್ಯಾಲೆಂಡರಿನಲ್ಲಿ ಈಗಲೇ ಸುತ್ತು ಹಾಕಿಡಿ.